ಗೋಡೆಯೊಳಗಿನ ಹಸಿರು ತಂತಿ

“ನಲ್ಲಿ ಮುಟ್ಟಿದ್ರೆ ಸ್ವಲ್ಪ ಜುಮ್ ಅನ್ನುತ್ತೆ, ಅಷ್ಟೆ. ಚಪ್ಪಲಿ ಹಾಕ್ಕೊಂಡು ಹೋದ್ರೆ ಏನೂ ಆಗಲ್ಲ.”

ಗೀಸರ್ ಇರುವ ಎಷ್ಟೋ ಮನೆಗಳಲ್ಲಿ ಬಂದ ನೆಂಟರಿಗೆ ಇಂಥದೊಂದು ಸೂಚನೆ ಸಿಗುತ್ತದೆ. ಬಿಸಿನೀರು ಯಾವ ಕಡೆಯ ನಲ್ಲಿಯಲ್ಲಿ ಬರುತ್ತದೆ, ಸೋಪು ಎಲ್ಲಿದೆ ಎಂದು ಹೇಳುವ ಧಾಟಿಯಲ್ಲೇ ಇದನ್ನೂ ಹೇಳುತ್ತಾರೆ. ಮನೆಯವರಿಗೆ ಆ ಜುಮ್ ರೂಢಿಯಾಗಿ ಹೋಗಿರುತ್ತದೆ. ಸ್ನಾನಕ್ಕೆ ಇಳಿಯುವ ಮುಂಚೆ ಸ್ವಿಚ್ ಆರಿಸುವುದು, ಒದ್ದೆ ಕೈಯಲ್ಲಿ ಷವರ್ ತಿರುಗಿಸದಿರುವುದು, ಮಕ್ಕಳನ್ನು ನಲ್ಲಿಯ ಹತ್ತಿರ ಬಿಡದಿರುವುದು ಹೀಗೆ ಆ ಮನೆಗೆಂದೇ ಒಂದು ಸಂಹಿತೆ ಬೆಳೆದಿರುತ್ತದೆ. ರಿಪೇರಿ ಮಾತ್ರ ಆಗಿರುವುದಿಲ್ಲ.

ಆ ಜುಮ್ ಎಷ್ಟು ದೊಡ್ಡದು ಎಂದು ನೋಡೋಣ. ಒಂದು ಮಿಲಿ ಆಂಪಿಯರ್ ಆಸುಪಾಸಿನ ವಿದ್ಯುತ್ ಮೈಯಲ್ಲಿ ಹರಿದರೆ ನಮಗೆ ಅದರ ಅರಿವಾಗುತ್ತದೆ. ಹತ್ತು ಮಿಲಿ ಆಂಪಿಯರ್ ದಾಟಿದರೆ ಕೈಯ ಸ್ನಾಯುಗಳು ಬಿಗಿದುಕೊಂಡು, ಹಿಡಿದದ್ದನ್ನು ಬಿಡಲು ಅನೇಕರಿಗೆ ಆಗುವುದಿಲ್ಲ. ಮೂವತ್ತನ್ನು ಮೀರಿ ಕೆಲವು ಕ್ಷಣ ಹರಿದರೆ ಉಸಿರು, ಹೃದಯ ಎರಡೂ ಅಪಾಯಕ್ಕೆ ಸಿಲುಕುತ್ತವೆ. ಅಂದರೆ ಜುಮ್ ಎನ್ನುವುದಕ್ಕೂ ಪ್ರಾಣಾಪಾಯಕ್ಕೂ ನಡುವಿನ ಅಂತರ ಮೂವತ್ತು ಪಟ್ಟು. ಒಣಗಿದ ಚರ್ಮ ಹತ್ತಾರು ಸಾವಿರ ಓಮ್ ತಡೆ ಒಡ್ಡಬಲ್ಲದು. ಸ್ನಾನದಲ್ಲಿ ಪೂರಾ ನೆನೆದ ಮೈಯ ತಡೆ ಸಾವಿರ ಓಮ್‌ನ ಹತ್ತಿರಕ್ಕೆ ಕುಸಿಯುತ್ತದೆ. ಹೀಗೆ ನೀರೊಂದೇ ಆ ಮೂವತ್ತು ಪಟ್ಟಿನ ಅಂತರವನ್ನು ಅಳಿಸಿಹಾಕಬಲ್ಲದು. ನಿನ್ನೆ ಚಪ್ಪಲಿ ತೊಟ್ಟು, ಒಣ ಬೆರಳ ತುದಿಯಿಂದ ಮುಟ್ಟಿದಾಗ ಜುಮ್ ಎಂದ ಅದೇ ನಲ್ಲಿ, ಇವತ್ತು ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಇಡೀ ಅಂಗೈಯಲ್ಲಿ ಹಿಡಿದವರನ್ನು ಬಿಡದೇ ಇರಬಹುದು. ನಲ್ಲಿಯಲ್ಲಿನ ದೋಷ ಎರಡೂ ದಿನ ಒಂದೇ.

ವಿದ್ಯುತ್ ತಗುಲಿ ಸಾಯುವವರ ಸಂಖ್ಯೆ ಭಾರತದಲ್ಲಿ ವರ್ಷಕ್ಕೆ ಹತ್ತು ಸಾವಿರವನ್ನು ದಾಟುತ್ತದೆ ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳು ಹೇಳುತ್ತವೆ. ಇವೆಲ್ಲ ಬಚ್ಚಲಿನ ಸಾವುಗಳಲ್ಲ; ಹೊಲದ ಪಂಪ್‌ಸೆಟ್, ಹರಿದು ಬಿದ್ದ ತಂತಿ, ಕಟ್ಟಡದ ಕೆಲಸ ಎಲ್ಲವೂ ಇದರಲ್ಲಿವೆ. ಆದರೆ ಬಚ್ಚಲಿನ ಸಾವನ್ನು ತಡೆಯುವುದು ಇವುಗಳ ಪೈಕಿ ಅತ್ಯಂತ ಸುಲಭ, ಅತ್ಯಂತ ಅಗ್ಗ. ಹಾಗಿದ್ದೂ ಅದು ನಡೆಯುತ್ತಿದೆ ಎಂಬುದೇ ಈ ಬರಹಕ್ಕೆ ಕಾರಣ.

ಹಂಡೆಯಿಂದ ಗೀಸರಿಗೆ

ನಮ್ಮ ಬಚ್ಚಲು ಮನೆಗೂ ವಿದ್ಯುತ್ತಿಗೂ ಹಳೆಯ ನಂಟಿಲ್ಲ. ತಾಮ್ರದ ಹಂಡೆ, ಅದರ ಕೆಳಗೆ ಒಲೆ, ಒಲೆಗೆ ಅಡಿಕೆ ಸಿಪ್ಪೆಯೋ ತೆಂಗಿನ ಗರಿಯೋ ಸೌದೆಯೋ. ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ಹಂಡೆಯನ್ನು ಹುಣಿಸೆಹಣ್ಣಿನಲ್ಲಿ ತಿಕ್ಕಿ, ಹಿಂಡಲಕಾಯಿ ಬಳ್ಳಿ ಸುತ್ತಿ ಪೂಜಿಸುವ ಮನೆಗಳು ಮಲೆನಾಡಿನಲ್ಲಿ ಈಗಲೂ ಇವೆ. ಆ ಬೆಂಕಿಗೆ ತನ್ನದೇ ಅಪಾಯಗಳಿದ್ದವು, ಹೊಗೆಗೆ ತನ್ನದೇ ಕಾಯಿಲೆಗಳಿದ್ದವು. ಆದರೆ ಅಪಾಯ ಕಣ್ಣಿಗೆ ಕಾಣುತ್ತಿತ್ತು, ಮೂಗಿಗೆ ತಿಳಿಯುತ್ತಿತ್ತು.

1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹೊರಟಾಗ ಅದು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಮನೆಗಳಿಗೆ ಬಂದಾಗಲೂ ಅದು ದೀಪಕ್ಕೆಂದೇ ಬಂತು: ಕೋಣೆಗೊಂದು ಬಲ್ಬು, ಆಮೇಲೆ ಒಂದು ರೇಡಿಯೊ, ಒಂದು ಫ್ಯಾನು. ಮರದ ಪಟ್ಟಿಯ ಮೇಲೆ ಎರಡು ತಂತಿ ಓಡಿದರೆ ವೈರಿಂಗ್ ಮುಗಿಯಿತು. ಮೂರನೆಯ ತಂತಿ, ಅಂದರೆ ಅರ್ಥಿಂಗ್, ಬೇಕು ಎಂದು ಯಾರಿಗೂ ತೋಚದ ಮನೆಗಳು ಅವು. ಭಾಗ್ಯಜ್ಯೋತಿಯ ಒಂದೇ ದೀಪದ ಸಂಪರ್ಕದಿಂದ ಶುರುವಾದ ಹಳ್ಳಿಯ ಮನೆಯಲ್ಲಿ ಇವತ್ತು ಸಾವಿರ ವ್ಯಾಟಿನ ಕಾಯಿಲ್ ಬಕೆಟ್ಟಿನಲ್ಲಿ ಮುಳುಗಿದೆ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ನಲವತ್ತು ವರ್ಷದ ಮನೆಗಳು ಮೇಲಕ್ಕೆ ಮೂರು ಮಹಡಿ ಬೆಳೆದಿವೆ. ಪ್ರತಿ ಮಹಡಿಗೂ ಒಂದೋ ಎರಡೋ ಗೀಸರ್ ಬಂದಿದೆ. ನೆಲದಲ್ಲಿ ಹೂತ ಅರ್ಥಿಂಗ್ ಗುಂಡಿ ಮಾತ್ರ ಮೊದಲಿನ ಒಂದೇ, ಅದೂ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ. ಅದರ ಮೇಲೆ ಕಾರು ನಿಲ್ಲಿಸುವ ಕಾಂಕ್ರೀಟು ಬಿದ್ದಿದೆ.

ಗೀಸರ್ ಅಂಗಡಿಯಲ್ಲಿ ನಡೆಯುವ ಮಾತುಕತೆ ಹದಿನೈದು ಲೀಟರೋ ಇಪ್ಪತ್ತೈದೋ, ಎಷ್ಟು ಸ್ಟಾರ್, ಎಷ್ಟು ವರ್ಷ ಗ್ಯಾರಂಟಿ ಎಂಬುದರ ಸುತ್ತ ಸುತ್ತುತ್ತದೆ. ಅದೆಲ್ಲ ಬೇಕಾದದ್ದೇ. ಆದರೆ ಇವತ್ತು ಅಂಗಡಿಯಲ್ಲಿ ಸಿಗುವ, ಐಎಸ್‌ಐ ಗುರುತಿನ ಗೀಸರ್ ಸಾಕಷ್ಟು ಒಳ್ಳೆಯ ಯಂತ್ರ. ಅದು ತಾನಾಗಿ ಕೊಲ್ಲುವುದು ಅಪರೂಪ. ಅದು ಕೆಟ್ಟಾಗ ನಮ್ಮನ್ನು ಕಾಯಬೇಕಾದ ಎರಡು ಸಂಗತಿಗಳು ಡಬ್ಬಿಯಲ್ಲಿ ಬರುವುದಿಲ್ಲ. ಅವು ಮನೆಯ ಗೋಡೆಯಲ್ಲಿ ಇರಬೇಕು. ಒಂದು ಅರ್ಥಿಂಗಿನ ಹಸಿರು ತಂತಿ, ಇನ್ನೊಂದು ವಿದ್ಯುತ್ ಸೋರಿದರೆ ತಾನೇ ಬೀಳುವ ಆರ್‌ಸಿಸಿಬಿ ಎಂಬ ಸ್ವಿಚ್ಚು. ಗೀಸರ್ ಕೊಳ್ಳಲು ಒಂದು ವಾರ ಯೋಚಿಸುವ ನಾವು ಇವೆರಡಕ್ಕೆ ಐದು ನಿಮಿಷ ಕೊಡುವುದಿಲ್ಲ.

ಕಾಯಿಲಿನ ಒಳಗೆ

ಗೀಸರಿನಿಂದ ವಿದ್ಯುತ್ ಏಕೆ ಸೋರುತ್ತದೆ ಎಂದು ತಿಳಿಯಬೇಕಾದರೆ ಅದರ ಕಾಯಿಲನ್ನು ಕೊಯ್ದು ನೋಡಬೇಕು. ನಡುವೆ ನಿಕ್ರೋಮ್ ತಂತಿಯ ಸುರುಳಿ. 1906ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್ ಪೇಟೆಂಟ್ ಪಡೆದ ಈ ಮಿಶ್ರಲೋಹ ಕೆಂಪಗೆ ಕಾದರೂ ಸುಲಭವಾಗಿ ತುಕ್ಕು ಹಿಡಿಯದು. ಜಗತ್ತಿನ ಬಹುಪಾಲು ಹೀಟರ್‌ಗಳು ಇದರ ಮೇಲೆಯೇ ನಿಂತಿವೆ. ಸುರುಳಿಯ ಸುತ್ತ ಬಿಗಿಯಾಗಿ ತುಂಬಿದ ಮೆಗ್ನೀಸಿಯಂ ಆಕ್ಸೈಡಿನ ಬಿಳಿ ಪುಡಿ. ಅದು ಬಿಸಿಯನ್ನು ಹೊರಕ್ಕೆ ಬಿಡುತ್ತದೆ, ವಿದ್ಯುತ್ತನ್ನು ಬಿಡುವುದಿಲ್ಲ. ಅದರ ಹೊರಗೆ ತಾಮ್ರದ ಅಥವಾ ಬೇರೆ ಮಿಶ್ರಲೋಹದ ತೆಳು ಕೊಳವೆ. ನೀರಿಗೂ 230 ವೋಲ್ಟಿಗೂ ನಡುವೆ ಇರುವುದು ಆ ಪುಡಿ ಮತ್ತು ಆ ಕೊಳವೆ, ಎರಡೇ.

ಈಗ ಕೊಳವೆಬಾವಿಯ ನೀರು ತನ್ನಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಬೆಂಗಳೂರಿನ ಹೊರವಲಯ, ಬಯಲುಸೀಮೆಯ ಅರ್ಧಕ್ಕರ್ಧ ಊರುಗಳಲ್ಲಿ ಬರುವ ಗಡಸು ನೀರು ಕಾದಂತೆಲ್ಲ ಸುಣ್ಣದ ಅಂಶವನ್ನು ಬಿಟ್ಟುಕೊಡುತ್ತದೆ. ಅದು ಹೋಗಿ ಕೂರುವುದು ಅತಿ ಬಿಸಿಯಾದ ಜಾಗದಲ್ಲಿ, ಅಂದರೆ ಕಾಯಿಲಿನ ಮೈಮೇಲೆ. ಒಂದೆರಡು ವರ್ಷದಲ್ಲಿ ಕಾಯಿಲು ಬಿಳಿ ಕಲ್ಲಿನ ಕವಚ ತೊಟ್ಟಿರುತ್ತದೆ. ಒಳಗಿನ ಬಿಸಿ ನೀರಿಗೆ ಸರಾಗವಾಗಿ ಹೋಗಲಾರದೆ ಕೊಳವೆ ತಾನೇ ಕಾಯುತ್ತದೆ, ಹಿಗ್ಗುತ್ತದೆ, ಕುಗ್ಗುತ್ತದೆ, ಕೊನೆಗೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಆ ಬಿರುಕಿನಿಂದ ನೀರು ಪುಡಿಯನ್ನು ಮುಟ್ಟುತ್ತದೆ. ಒದ್ದೆಯಾದ ಪುಡಿ ವಿದ್ಯುತ್ತನ್ನು ತಡೆಯಲಾರದು. ವಿಚಿತ್ರವೆಂದರೆ ಗೀಸರ್ ಆಗಲೂ ನೀರು ಕಾಯಿಸುತ್ತಲೇ ಇರುತ್ತದೆ. ಮನೆಯವರಿಗೆ ಸಿಗುವ ಸುಳಿವು ಆ ಜುಮ್ ಒಂದೇ.

ಇದೇ ಪುಡಿ ಗಾಳಿಯ ತೇವವನ್ನೂ ಹೀರುತ್ತದೆ. ಬೇಸಿಗೆಯೆಲ್ಲ ಸುಮ್ಮನಿದ್ದ ಗೀಸರನ್ನು ಜೂನ್ ತಿಂಗಳ ಮೊದಲ ಮಳೆಗೆ ಹಾಕಿದ ಕೂಡಲೇ ಮನೆಯ ಆರ್‌ಸಿಸಿಬಿ ಟ್ರಿಪ್ ಆಗುವುದಕ್ಕೆ ಹಲವು ಸಲ ಇದು ಕಾರಣ. ಇನ್ನು, ಕಾಯಿಲಿನ ಪಕ್ಕದಲ್ಲಿ ಮೆಗ್ನೀಸಿಯಂನ ಒಂದು ಕೋಲು ಇರುತ್ತದೆ. ಟ್ಯಾಂಕಿನ ಉಕ್ಕು ಕರಗುವ ಬದಲು ತಾನು ಕರಗುವುದೇ ಅದರ ಕೆಲಸ. ಗಡಸು ನೀರಿನ ಊರಿನಲ್ಲಿ ವರ್ಷಕ್ಕೊಮ್ಮೆ ಟ್ಯಾಂಕ್ ಬಿಚ್ಚಿಸಿ ಸುಣ್ಣ ತೆಗೆಸಿ, ಈ ಕೋಲು ಉಳಿದಿದೆಯೇ ಎಂದು ನೋಡಿಸುವುದು ಒಳ್ಳೆಯದು. ಹಾಗೆ ಮಾಡಿಸಿಕೊಳ್ಳುವವರು ಬಹಳ ಕಡಿಮೆ.

ನೆಲಕ್ಕೊಂದು ದಾರಿ

ಕಾಯಿಲು ಬಿರುಕು ಬಿಟ್ಟಿತು, ವಿದ್ಯುತ್ ನೀರಿಗೂ ಟ್ಯಾಂಕಿನ ಲೋಹಕ್ಕೂ ಬಂತು. ಈಗ ಹಸಿರು ತಂತಿಯ ಸರದಿ. ಅದು ಗೀಸರಿನ ಮೈಯನ್ನು ಮೂರು ಪಿನ್ನಿನ ಪ್ಲಗ್‌ನ ಮೇಲಿನ ದಪ್ಪ ಪಿನ್ನಿನ ಮೂಲಕ, ಗೋಡೆಯ ಮೂಲಕ, ಅಂಗಳದ ಗುಂಡಿಗೆ ಕೂಡಿಸುತ್ತದೆ. ಆ ಪಿನ್ನು ಮಿಕ್ಕೆರಡಕ್ಕಿಂತ ಉದ್ದವಾಗಿರುವುದು ಸುಮ್ಮನೆ ಅಲ್ಲ: ಪ್ಲಗ್ ಹಾಕುವಾಗ ಅದು ಮೊದಲು ತಗುಲಬೇಕು, ಕೀಳುವಾಗ ಕೊನೆಗೆ ಬಿಡಬೇಕು. ಎರಡು ಪಿನ್ನಿನ ಅಡಾಪ್ಟರಿಗೆ ತುರುಕಲೆಂದು ಅದನ್ನು ಕತ್ತರಿಸಿ ಎಸೆದವರು ಈ ರಕ್ಷಣೆಯನ್ನೇ ಎಸೆದಂತೆ.

ಆದರೆ ತಂತಿ ಇದ್ದರಷ್ಟೇ ಸಾಲದು. ಗುಂಡಿಯ ಮಣ್ಣು ವಿದ್ಯುತ್ತನ್ನು ಎಷ್ಟು ಸಲೀಸಾಗಿ ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದು ಮುಖ್ಯ. ಸರಿಯಾದ ಗುಂಡಿಯಲ್ಲಿ ಎರಡೂವರೆ ಮೀಟರ್ ಉದ್ದದ ಜಿಐ ಪೈಪು, ಸುತ್ತ ಇದ್ದಿಲು ಮತ್ತು ಉಪ್ಪು, ಮೇಲೆ ನೀರು ಹೊಯ್ಯಲು ಆಲಿಕೆ ಇರುತ್ತದೆ. ಅದರ ತಡೆ ಐದು ಓಮ್‌ನ ಒಳಗಿದ್ದರೆ ಮನೆಗೆ ಚೆನ್ನ. ಮಣ್ಣು ಒಣಗಿ, ಪೈಪು ತುಕ್ಕು ಹಿಡಿದು, ಮೇಲೆ ಕಾಂಕ್ರೀಟು ಬಿದ್ದ ಗುಂಡಿಯ ತಡೆ ಐವತ್ತು ಓಮ್ ಆಗಿರಬಹುದು. ಆಗ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿ. ಗೀಸರಿನ ಒಳಗೆ ವಿದ್ಯುತ್ ತರುವ ಫೇಸ್ ತಂತಿಯೇ ನೇರವಾಗಿ ಲೋಹಕ್ಕೆ ತಗುಲಿತು ಎಂದುಕೊಳ್ಳೋಣ. 230 ವೋಲ್ಟನ್ನು 50 ಓಮ್‌ನಿಂದ ಭಾಗಿಸಿದರೆ ನೆಲಕ್ಕೆ ಹರಿಯುವುದು 4.6 ಆಂಪಿಯರ್. ಮಿತಿ ಮೀರಿ ವಿದ್ಯುತ್ ಹರಿದರೆ ಬೀಳುವ ಸ್ವಿಚ್ಚು, ಅಂದರೆ ಗೀಸರಿನ ಎಂಸಿಬಿ, 16 ಅಥವಾ 20 ಆಂಪಿಯರಿನದು. ಅದರ ಮಟ್ಟಿಗೆ ಎಲ್ಲವೂ ಸರಿಯಾಗಿದೆ. ಅದು ಅಲ್ಲಾಡುವುದೂ ಇಲ್ಲ. ಗೀಸರಿನ ಮೈ, ಷವರಿನ ಲೋಹ, ನಲ್ಲಿ ಎಲ್ಲವೂ ಹೆಚ್ಚುಕಡಿಮೆ 230 ವೋಲ್ಟಿನಲ್ಲಿ ನಿಂತಿರುತ್ತವೆ, ಗಂಟೆಗಟ್ಟಲೆ, ದಿನಗಟ್ಟಲೆ.

“ನಮ್ಮನೇಲಿ ಎಂಸಿಬಿ ಹಾಕ್ಸಿದೀವಿ, ಭಯ ಇಲ್ಲ” ಎನ್ನುವವರಿಗೆ ಈ ಲೆಕ್ಕವನ್ನು ತೋರಿಸಬೇಕು. ಎಂಸಿಬಿ ಕಾಯುವುದು ಗೋಡೆಯೊಳಗಿನ ತಂತಿಯನ್ನು, ಅದು ಸುಡದ ಹಾಗೆ. ಷವರಿನ ಕೆಳಗೆ ನಿಂತ ಮನುಷ್ಯನನ್ನು ಕಾಯಲು ಅದನ್ನು ಮಾಡಿಲ್ಲ.

ಎಲೆಕ್ಟ್ರಿಷಿಯನ್ನರು ಅರ್ಥಿಂಗ್ ನೋಡುವ ರೂಢಿಯ ವಿಧಾನವೂ ಇಲ್ಲಿ ಕೈಕೊಡುತ್ತದೆ. ನೂರು ವ್ಯಾಟಿನ ಬಲ್ಬನ್ನು ಫೇಸ್‌ಗೂ ಅರ್ಥಿಗೂ ನಡುವೆ ಹಿಡಿಯುತ್ತಾರೆ. ಅದು ಉರಿದರೆ “ಅರ್ಥಿಂಗ್ ಪಕ್ಕಾ ಇದೆ ಸಾರ್” ಎನ್ನುತ್ತಾರೆ. ಆ ಬಲ್ಬಿನ ತಡೆಯೇ ಐನೂರು ಓಮ್‌ಗಿಂತ ಹೆಚ್ಚು. ಗುಂಡಿಯ ಐವತ್ತು ಓಮ್ ಅದರ ಮುಂದೆ ಲೆಕ್ಕಕ್ಕಿಲ್ಲ. ಕೆಟ್ಟ ಅರ್ಥಿಂಗಿನಲ್ಲೂ ಬಲ್ಬು ಹೆಚ್ಚುಕಡಿಮೆ ಪೂರ್ತಿ ಬೆಳಕಿನಲ್ಲೇ ಉರಿಯುತ್ತದೆ. ಬಲ್ಬು ಉರಿಯದಿದ್ದರೆ ಅರ್ಥಿಂಗ್ ಇಲ್ಲ ಎಂಬುದು ಖಚಿತ. ಉರಿದರೆ ಏನೂ ಖಚಿತವಲ್ಲ. ಅಳೆಯಲು ಅರ್ಥ್ ಟೆಸ್ಟರ್ ಅಥವಾ ಲೂಪ್ ಟೆಸ್ಟರ್ ಬೇಕು, ಅದು ಅಂಕಿಯನ್ನೇ ತೋರಿಸುತ್ತದೆ. ಆ ಅಂಕಿಯನ್ನು ಕೇಳಿ ಬರೆದಿಟ್ಟುಕೊಳ್ಳಿ. ಅಳೆಸುವುದಾದರೆ ಮಣ್ಣು ಒಣಗಿರುವ ಏಪ್ರಿಲ್‌ನಲ್ಲಿ ಅಳೆಸಿ.

ಇನ್ನೊಂದು ಕೆಲಸವಿದೆ, ಅದನ್ನು ಅಪರಾಧ ಎಂದೇ ಕರೆಯಬೇಕು. ಸಾಕೆಟ್ಟಿಗೆ ಅರ್ಥ್ ತಂತಿ ಬಂದಿಲ್ಲ ಎಂದಾದರೆ ಕೆಲವರು ಒಂದು ತುಂಡು ತಂತಿಯಿಂದ, ವಿದ್ಯುತ್ತನ್ನು ವಾಪಸ್ ಒಯ್ಯುವ ನ್ಯೂಟ್ರಲನ್ನೇ ಅರ್ಥ್ ಪಿನ್ನಿಗೆ ಕೂಡಿಸಿಬಿಡುತ್ತಾರೆ. ಟೆಸ್ಟರ್ ಹಿಡಿದರೆ, ಬಲ್ಬ್ ಹಿಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಎಂದೋ ಒಂದು ದಿನ ಮೀಟರ್ ಬೋರ್ಡಿನಲ್ಲಿ ನ್ಯೂಟ್ರಲ್ ಸಡಿಲಗೊಂಡರೆ, ಗೀಸರಿನಲ್ಲಿ ಯಾವ ದೋಷವೂ ಇಲ್ಲದೆ ಅದರ ಮೈಗೆ ಪೂರಾ 230 ವೋಲ್ಟ್ ಬರುತ್ತದೆ. ಹೊಸ ಗೀಸರ್ ಹಾಕಿಸುವ ದಿನ ಸಾಕೆಟ್ಟನ್ನು ಬಿಚ್ಚಿಸಿ, ಹಿಂದೆ ಮೂರು ಬೇರೆ ಬೇರೆ ತಂತಿಗಳು ಬಂದಿವೆಯೇ ಎಂದು ಕಣ್ಣಾರೆ ನೋಡುವುದಕ್ಕೆ ಎರಡು ನಿಮಿಷ ಸಾಕು.

ಚಿನ್ನದ ಗಣಿಯಿಂದ ಬಂದ ಸ್ವಿಚ್ಚು

ಶಿವನಸಮುದ್ರದ ವಿದ್ಯುತ್ ಮೊದಲು ಹೊರಟದ್ದು ಚಿನ್ನದ ಗಣಿಗಾಗಿ. ವಿದ್ಯುತ್ತಿನಿಂದ ಮನುಷ್ಯರನ್ನು ಉಳಿಸುವ ಸ್ವಿಚ್ಚಿನ ಕತೆಯಲ್ಲೂ ಚಿನ್ನದ ಗಣಿ ಇದೆ. 1950ರ ದಶಕದ ನಡುವೆ ದಕ್ಷಿಣ ಆಫ್ರಿಕಾದ ಗಣಿಗಳಲ್ಲಿ ಕೂಲಿಗಳು ವಿದ್ಯುತ್ ತಗುಲಿ ಸಾಯುತ್ತಿದ್ದಾಗ ಹೆನ್ರಿ ರೂಬಿನ್ ಎಂಬ ಎಂಜಿನಿಯರ್ ಅತಿ ಸಣ್ಣ ಸೋರಿಕೆಯನ್ನೂ ಹಿಡಿಯುವ ಉಪಕರಣವನ್ನು ಬೆಳೆಸಿದ. ಅದು ಗಣಿಯಿಂದ ಮನೆಗಳಿಗೂ ಬಂತು. ಅದೇ ಕಾಲದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಚಾರ್ಲ್ಸ್ ಡಾಲ್ಜಿಯಲ್ ಬೇರೊಂದು ದಾರಿಯಲ್ಲಿ ಇಲ್ಲಿಗೇ ಬರುತ್ತಿದ್ದರು. ಎಷ್ಟು ವಿದ್ಯುತ್ ಹರಿದರೆ ಮನುಷ್ಯ ಹಿಡಿದದ್ದನ್ನು ಬಿಡಲಾರ ಎಂಬುದನ್ನು ಅವರು ಸ್ವಯಂಸೇವಕರ ಮೇಲೆ ಅಳೆದರು. ಗಂಡಸರಿಗೆ ಸರಾಸರಿ 16, ಹೆಂಗಸರಿಗೆ 10.5 ಮಿಲಿ ಆಂಪಿಯರ್ ಎಂಬ ಅವರ ಅಂಕಿಗಳು ಇವತ್ತಿಗೂ ಪಠ್ಯಪುಸ್ತಕಗಳಲ್ಲಿವೆ. 1961ರಲ್ಲಿ ಅವರು ತಮ್ಮದೇ ಸೋರಿಕೆ ರಕ್ಷಕ ಸ್ವಿಚ್ಚನ್ನು ರೂಪಿಸಿದರು.

ಈಗಿನ ಆರ್‌ಸಿಸಿಬಿಯ ಒಳಗಿನ ಕಲ್ಪನೆ ಎಷ್ಟು ಸರಳವೆಂದರೆ ಮೊದಲ ಸಲ ತಿಳಿದಾಗ ಸಂತೋಷವಾಗುತ್ತದೆ. ಫೇಸ್‌ನಲ್ಲಿ ಎಷ್ಟು ವಿದ್ಯುತ್ ಹೋಯಿತೋ ಅಷ್ಟೇ ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕು. ಎರಡೂ ತಂತಿ ಒಂದೇ ಉಂಗುರದ ಮೂಲಕ ಹಾದುಹೋಗುತ್ತವೆ. ಹೋದದ್ದು, ಬಂದದ್ದು ಸಮವಾಗಿದ್ದರೆ ಉಂಗುರ ತೆಪ್ಪಗಿರುತ್ತದೆ. 30 ಮಿಲಿ ಆಂಪಿಯರಿನಷ್ಟು ಕಡಿಮೆ ಬಂದಿತೋ, ಅದು ಎಲ್ಲೋ ನೆಲಕ್ಕೆ ಸೋರಿದೆ ಎಂದೇ ಅರ್ಥ, ಬಹುಶಃ ಯಾರದೋ ಮೈಯ ಮೂಲಕ. ಕಣ್ಣು ಮಿಟುಕಿಸುವುದರೊಳಗೆ ಸ್ವಿಚ್ ಬೀಳುತ್ತದೆ. ಮೇಲೆ ಹೇಳಿದ ಐವತ್ತು ಓಮ್‌ನ ಕೆಟ್ಟ ಗುಂಡಿಯಿದ್ದರೂ ಅದು ಬೀಳುತ್ತದೆ. ಹಸಿರು ತಂತಿ ಇಲ್ಲದಿದ್ದರೂ ಬೀಳುತ್ತದೆ, ಆದರೆ ಆಗ ಸೋರಿಕೆಗೆ ದಾರಿಯಾಗಲು ಒಬ್ಬ ಮನುಷ್ಯ ಮುಟ್ಟಬೇಕು. ಹಸಿರು ತಂತಿ ಇದ್ದರೆ ಗೀಸರ್ ಕೆಟ್ಟ ಗಳಿಗೆಯಲ್ಲೇ, ಬಚ್ಚಲಿಗೆ ಯಾರೂ ಕಾಲಿಡುವ ಮೊದಲೇ ಅದು ಬಿದ್ದಿರುತ್ತದೆ. ಅದಕ್ಕೇ ಎರಡೂ ಒಟ್ಟಿಗೆ ಬೇಕು.

ನಮ್ಮ ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಇದು ಇನ್ನೂ ‘ಇಎಲ್‌ಸಿಬಿ’. ಹೆಸರು ಏನಾದರಾಗಲಿ, ಅದರ ಮುಖದ ಮೇಲೆ ಮುದ್ರಿಸಿದ ಅಂಕಿಯನ್ನು ಓದಿ. 30 ಮಿಲಿ ಆಂಪಿಯರ್ ಎಂದೋ 0.03 ಆಂಪಿಯರ್ ಎಂದೋ ಇರಬೇಕು. ಹಲವು ಕಟ್ಟಡಗಳ ಮೇನ್ ಬೋರ್ಡಿನಲ್ಲಿ 100 ಅಥವಾ 300 ಮಿಲಿ ಆಂಪಿಯರಿನದು ಕೂತಿರುತ್ತದೆ. ಅದು ಬೆಂಕಿ ಅನಾಹುತವನ್ನು ತಡೆಯಲು ಸರಿ. ಸ್ನಾನ ಮಾಡುವವರ ಪ್ರಾಣಕ್ಕೆ ಸಾಲದು. ಮುಖದ ಮೇಲೆ ‘ಟಿ’ ಎಂಬ ಅಕ್ಷರದ ಸಣ್ಣ ಗುಂಡಿಯೂ ಇದೆ. ಅದನ್ನು ಒತ್ತಿದರೆ ಸ್ವಿಚ್ ತಟ್ಟನೆ ಬೀಳಬೇಕು. ವರ್ಷಗಟ್ಟಲೆ ಅಲ್ಲಾಡದ ಸ್ಪ್ರಿಂಗು ಜಿಡ್ಡುಗಟ್ಟುತ್ತದೆ, ಆದ್ದರಿಂದ ತಿಂಗಳಿಗೊಮ್ಮೆ ಒತ್ತಿ ನೋಡುವುದು ಒಳ್ಳೆಯದು.

ಕಷ್ಟ ಶುರುವಾಗುವುದು ಇದು ಪದೇ ಪದೇ ಟ್ರಿಪ್ ಆದಾಗ. ಮನೆಯವರಿಗೆ ಕಿರಿಕಿರಿ, ಫ್ರಿಜ್ ನಿಲ್ಲುತ್ತದೆ, ಟಿವಿ ನಿಲ್ಲುತ್ತದೆ. ಬಂದ ಎಲೆಕ್ಟ್ರಿಷಿಯನ್ ಒಂದು ತಂತಿಯನ್ನು ಅತ್ತಿಂದಿತ್ತ ಬದಲಿಸಿ ಅದನ್ನು ಬೈಪಾಸ್ ಮಾಡಿ ಹೋಗುತ್ತಾನೆ. ಸಮಸ್ಯೆ ‘ಬಗೆಹರಿಯುತ್ತದೆ’. ಸೋರಿಕೆ ಹಾಗೆಯೇ ಇರುತ್ತದೆ, ಅದನ್ನು ಹೇಳುವವರು ಮಾತ್ರ ಇಲ್ಲವಾಗುತ್ತಾರೆ. ಗೀಸರ್ ಹಾಕಿದಾಗಲೆಲ್ಲ ಬೀಳುತ್ತದೆ ಎಂದಾದರೆ ಕಾಯಿಲು ಹೋಗಿದೆ ಎಂದೇ ತಿಳಿದು ಬದಲಿಸಿ. ಹೊತ್ತುಗೊತ್ತಿಲ್ಲದೆ ಬೀಳುತ್ತಿದ್ದರೆ ಎರಡು ಸರ್ಕ್ಯೂಟಿನ ನ್ಯೂಟ್ರಲ್‌ಗಳು ಎಲ್ಲೋ ಬೆರೆತಿರಬಹುದು, ಇನ್ವರ್ಟರ್ ಹಾಕಿಸಿದ ಮನೆಗಳಲ್ಲಿ ಇದು ಹೆಚ್ಚು. ಗೀಸರಿಗೆಂದೇ ಪ್ರತ್ಯೇಕ ಆರ್‌ಸಿಸಿಬಿ ಕೊಟ್ಟರೆ ಇಡೀ ಮನೆ ಕತ್ತಲಾಗುವ ತಾಪತ್ರಯವೇ ಇರುವುದಿಲ್ಲ. ಬೆಲೆ ಎರಡು ಮೂರು ಸಾವಿರ ರೂಪಾಯಿಯ ಆಸುಪಾಸು; ಈಗಿನ ಬಚ್ಚಲುಗಳಲ್ಲಿ ಹೊಳೆಯುವ ಎಷ್ಟೋ ಷವರ್ ತಲೆಗಳು ಅದಕ್ಕಿಂತ ದುಬಾರಿ.

ಮೂವರು ಬರುತ್ತಾರೆ, ಯಾರೂ ನೋಡುವುದಿಲ್ಲ

ಗೀಸರ್ ಕೂರಿಸುವ ದಿನ ಏನಾಗುತ್ತದೆ ಎಂದು ಗಮನಿಸಿ. ಕಂಪನಿಯ ಹುಡುಗ ಬಂದು ಗೋಡೆಗೆ ತೂತು ಹೊಡೆದು ತೂಗುಹಾಕುತ್ತಾನೆ. ಪ್ಲಂಬರ್ ಪೈಪು ಜೋಡಿಸುತ್ತಾನೆ. ಪಾಯಿಂಟನ್ನು ಮನೆ ಕಟ್ಟುವಾಗಲೇ ಯಾರೋ ಎಲೆಕ್ಟ್ರಿಷಿಯನ್ ಎಳೆದು ಹೋಗಿರುತ್ತಾನೆ. ಪ್ಲಗ್ ಹಾಕಿದರೆ ಕೆಂಪು ದೀಪ ಹೊತ್ತುತ್ತದೆ, ಅರ್ಧ ಗಂಟೆಯಲ್ಲಿ ನೀರು ಕಾಯುತ್ತದೆ, ಎಲ್ಲರೂ ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಗೋಡೆಯೊಳಗಿನ ತಂತಿ ಎಷ್ಟು ದಪ್ಪ, ಎಂಸಿಬಿ ಎಷ್ಟರದು, ಅರ್ಥಿಂಗ್ ಎಷ್ಟು ಓಮ್ ಎಂದು ನೋಡುವುದು ಈ ಮೂವರಲ್ಲಿ ಯಾರ ಕೆಲಸವೂ ಅಲ್ಲ. ನನ್ನ ದೃಷ್ಟಿಯಲ್ಲಿ ಬಚ್ಚಲಿನ ಬಹುಪಾಲು ಅನಾಹುತಗಳು ಈ ಮೂವರ ನಡುವಿನ ಖಾಲಿ ಜಾಗದಲ್ಲಿ ಹುಟ್ಟುತ್ತವೆ. ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವ ಎಲೆಕ್ಟ್ರಿಷಿಯನ್ನನನ್ನು ಆ ಒಂದು ದಿನದ ಮಟ್ಟಿಗಾದರೂ ಕರೆಸುವುದು ಅದಕ್ಕೇ ಅಗತ್ಯ.

ಆತನೊಂದಿಗೆ ಮಾತಾಡಬೇಕಾದ ಲೆಕ್ಕ ಹೀಗಿದೆ. ನೀರು ತುಂಬಿಟ್ಟುಕೊಳ್ಳುವ ಮಾಮೂಲಿ ಗೀಸರ್ 2 ಕಿಲೋವ್ಯಾಟಿನದು, 9 ಆಂಪಿಯರ್ ಒಳಗೇ ಎಳೆಯುತ್ತದೆ. 20 ಡಿಗ್ರಿಯ ಹದಿನೈದು ಲೀಟರ್ ನೀರನ್ನು 60 ಡಿಗ್ರಿಗೆ ಏರಿಸಲು ಅದಕ್ಕೆ ಇಪ್ಪತ್ತು ನಿಮಿಷದ ಮೇಲೆ ಬೇಕು, ಖರ್ಚು ಮುಕ್ಕಾಲು ಯೂನಿಟ್‌ಗಿಂತ ಸ್ವಲ್ಪ ಕಡಿಮೆ. ಇನ್‌ಸ್ಟಂಟ್ ಗೀಸರ್ ಸಾಮಾನ್ಯವಾಗಿ 3 ಕಿಲೋವ್ಯಾಟ್, 13 ಆಂಪಿಯರ್. ನಿಮಿಷಕ್ಕೆ ಮೂರು ಲೀಟರ್ ಹರಿಯಬಿಟ್ಟರೆ ಅದು ನೀರನ್ನು 14 ಡಿಗ್ರಿಯಷ್ಟೇ ಏರಿಸಬಲ್ಲದು. ಮಂಗಳೂರಿನಲ್ಲಿ ಇದು ಸಾಕು. ಡಿಸೆಂಬರಿನ ಮಡಿಕೇರಿಯಲ್ಲಿ ಸಾಲದು. ಸಾಲದೆಂದು 4.5 ಕಿಲೋವ್ಯಾಟಿನದನ್ನು ತಂದರೆ ಅದು ಎಳೆಯುವುದು 20 ಆಂಪಿಯರ್ ಹತ್ತಿರ, ನಮ್ಮ ದೊಡ್ಡ ಪವರ್ ಪ್ಲಗ್‌ನ ಮಿತಿ 16. ಅದನ್ನು ಪ್ಲಗ್‌ಗೆ ಸಿಕ್ಕಿಸಲೇಬಾರದು. 25 ಆಂಪಿಯರಿನ ಡಬಲ್ ಪೋಲ್ ಎಂಸಿಬಿಯ ಮೂಲಕ ನೇರ ಜೋಡಿಸಬೇಕು. ಯಾವ ಗೀಸರಾದರೂ ಸರಿ, ಮೇನ್ ಬೋರ್ಡಿನಿಂದ ಅದಕ್ಕೆಂದೇ ಬೇರೆ ಎಳೆದ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಇದ್ದರೆ ನಿಶ್ಚಿಂತೆ. ಬಚ್ಚಲಿನ ದೀಪದ ಪಾಯಿಂಟಿನಿಂದ ಲೂಪ್ ಮಾಡಿದ್ದರೆ ಕೆಲಸ ನಿಲ್ಲಿಸಿ.

ಸಾಕೆಟ್ ಎಲ್ಲಿರಬೇಕು? ಅಂತರರಾಷ್ಟ್ರೀಯ ಮಾನದಂಡವು ಷವರಿನ ಸುತ್ತಲ ಜಾಗವನ್ನು ನೆಲದಿಂದ 2.25 ಮೀಟರ್ ಎತ್ತರದವರೆಗೆ ವಲಯಗಳಾಗಿ ವಿಂಗಡಿಸಿ, ಅಲ್ಲಿ ಮಾಮೂಲಿ ಸಾಕೆಟ್ಟುಗಳಿಗೆ ಅವಕಾಶ ಕೊಡುವುದಿಲ್ಲ. ನಾಲ್ಕಡಿಗೆ ಆರಡಿಯ ನಮ್ಮ ಬಚ್ಚಲಿನಲ್ಲಿ ಈ ಅಳತೆಗೆ ಸಿಗದ ಮೂಲೆಯೇ ಇರುವುದಿಲ್ಲ. ಆದ್ದರಿಂದ ಗೀಸರ್ ಎತ್ತರದಲ್ಲಿರಲಿ, ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಸ್ವಿಚ್ಚು ಬಾಗಿಲ ಹೊರಗಿರಲಿ. ಈ ಶಿಸ್ತನ್ನು ನೋಡಬೇಕಾದರೆ ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡಿಗರನ್ನು ಕೇಳಿ. ಅಲ್ಲಿನ ಎಲೆಕ್ಟ್ರಿಕ್ ಷವರ್‌ಗಳು 7ರಿಂದ 10 ಕಿಲೋವ್ಯಾಟಿನವು, ನಮ್ಮ ಗೀಸರಿನ ಮೂರು ನಾಲ್ಕು ಪಟ್ಟು. ಆದರೆ ಬಾತ್‌ರೂಮಿನಲ್ಲಿ ಗೋಡೆ ಸ್ವಿಚ್ಚು ಕಾಣದೆ ಹೊಸಬರು ತಡಕಾಡುತ್ತಾರೆ; ಸೂರಿನಿಂದ ಇಳಿಬಿದ್ದ ದಾರವನ್ನು ಎಳೆಯಬೇಕು. ಒದ್ದೆ ಕೈ ಸ್ವಿಚ್ಚನ್ನು ಮುಟ್ಟುವ ಸಂದರ್ಭವೇ ಬರಬಾರದು ಎಂಬ ಲೆಕ್ಕ ಅದು. ಬ್ರೆಜಿಲ್ ಇನ್ನೊಂದು ತುದಿ. ಅಲ್ಲಿ ಕೋಟ್ಯಂತರ ಮನೆಗಳಲ್ಲಿ ಷವರಿನ ತಲೆಯೊಳಗೇ ಹೀಟರ್ ಇದೆ. ಅನೇಕ ಮಾದರಿಗಳಲ್ಲಿ ನೀರು ಬರಿ ತಂತಿಯ ಸುರುಳಿಯ ಮೇಲೇ ಹರಿದು ತಲೆಗೆ ಬೀಳುತ್ತದೆ. ಹೊಸ ಕಟ್ಟಡಗಳಲ್ಲಿ ಅರ್ಥಿಂಗ್ ವ್ಯವಸ್ಥೆ ಇರಲೇಬೇಕೆಂದು ಆ ದೇಶ 2006ರಲ್ಲಿ ಕಾನೂನನ್ನೇ ಮಾಡಬೇಕಾಯಿತು.

ನೀರಿನ ಕಡೆಯ ಕೆಲಸದಲ್ಲಿ ನನಗೆ ಅತಿ ಹೆಚ್ಚು ಆತಂಕ ತರುವುದು ಸೇಫ್ಟಿ ವಾಲ್ವ್. ನೀರು ಕಾದರೆ ಹಿಗ್ಗುತ್ತದೆ. 25 ಲೀಟರ್ ಟ್ಯಾಂಕಿನಲ್ಲಿ ಮುನ್ನೂರು ನಾನೂರು ಮಿಲಿ ಲೀಟರಿನಷ್ಟು. ಆ ಹೆಚ್ಚುವರಿ ನೀರು ವಾಲ್ವಿನಿಂದ ತೊಟ್ಟಿಕ್ಕುವುದು ಸಹಜ, ಆರೋಗ್ಯದ ಲಕ್ಷಣ. ಅದನ್ನು ಸೋರಿಕೆ ಎಂದು ತಿಳಿದು ಎಂಡ್ ಕ್ಯಾಪ್ ಹಾಕಿ ಬಿಗಿದ ಮನೆಗಳಿವೆ. ಬಿಸಿಯನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟೂ ಅದರ ಹಿಂದಿನ ಕಟೌಟೂ ಒಂದೇ ದಿನ ಕೈಕೊಟ್ಟರೆ, ವಾಲ್ವ್ ಮುಚ್ಚಿದ ಆ ಟ್ಯಾಂಕು ಸೀಟಿಯ ಬಾಯಿ ಕಟ್ಟಿದ ಕುಕ್ಕರಿನಂತೆ. ನೀರು ಆವಿಯಾದಾಗ ಸಾವಿರದ ಆರುನೂರು ಪಟ್ಟಿನಷ್ಟು ಜಾಗ ಕೇಳುತ್ತದೆ. ವಾಲ್ವಿನ ಬಾಯಿಗೆ ಸಣ್ಣ ಪೈಪು ಕೊಟ್ಟು ಮೋರಿಗೆ ಬಿಟ್ಟರೆ ಹನಿಯ ಕಿರಿಕಿರಿ ಇರುವುದಿಲ್ಲ. ಬಿಸಿನೀರಿಗೆ ಮಾಮೂಲಿ ಪಿವಿಸಿ ಬೇಡ, ಸಿಪಿವಿಸಿ ಇರಲಿ. ಹೊಸ ಅಪಾರ್ಟ್‌ಮೆಂಟುಗಳ ಹಗುರ ಬ್ಲಾಕಿನ ಗೋಡೆಗೆ ಮಾಮೂಲಿ ಬೋಲ್ಟು ಹಿಡಿಯುವುದಿಲ್ಲ, ನೀರು ತುಂಬಿದ 25 ಲೀಟರ್ ಗೀಸರಿನ ತೂಕ ಮೂವತ್ತೈದು ಕೆಜಿಯ ಹತ್ತಿರ. ಆ ಗೋಡೆಗೆಂದೇ ಮಾಡಿದ ಫಾಸ್ಟ್‌ನರ್ ಕೇಳಿ ಹಾಕಿಸಿ. ಕೊನೆಗೆ, ಬಿಸಿನೀರಿನ ನಲ್ಲಿಯಲ್ಲಿ ನೀರು ಧಾರಾಳವಾಗಿ ಬಂದ ಮೇಲಷ್ಟೇ ಮೊದಲ ಸಲ ಸ್ವಿಚ್ ಹಾಕಬೇಕು. ಖಾಲಿ ಟ್ಯಾಂಕಿನಲ್ಲಿ ಕಾದ ಕಾಯಿಲಿನ ಆಯುಷ್ಯ ಅಂದೇ ಕಡಿಮೆಯಾಗುತ್ತದೆ.

ಕಾಯಿಲ್, ಸೋಲಾರ್, ಗ್ಯಾಸ್

ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಹೀಟರ್ ಬಾಡಿಗೆ ಮನೆಗಳ, ಪಿ.ಜಿ.ಗಳ, ಹಳ್ಳಿ ಮನೆಗಳ ಗೀಸರ್. ಬಾಣಂತಿ ಇರುವ ಮನೆಯಲ್ಲಿ ದಿನವಿಡೀ ಇದು ಬಕೆಟ್ಟಿನಲ್ಲೇ ಇರುತ್ತದೆ. ಇದಕ್ಕೆ ನಿಯಮ ಸಣ್ಣದು: ನೀರಿನಲ್ಲಿ ಗುರುತಿನವರೆಗೆ ಮುಳುಗಿಸಿದ ಮೇಲೆ ಸ್ವಿಚ್, ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೆ ನೀರಿಗೆ ಕೈ. ನೀರು ಕಾದಿದೆಯೇ ಎಂದು ಬೆರಳು ಅದ್ದಿ ನೋಡುವ ಆ ಒಂದು ಕ್ಷಣದಲ್ಲೇ ಬಹಳ ಮಂದಿ ಸಿಕ್ಕಿಬಿದ್ದಿದ್ದಾರೆ. ಲೋಹದ ಬಕೆಟ್ ಬೇಡ. ಮಕ್ಕಳು ಓಡಾಡುವ ಜಾಗದಲ್ಲಿ ಇದನ್ನು ಹಾಕಿ ಅಡುಗೆಮನೆಗೆ ಹೋಗಬೇಡಿ.

ಬೆಂಗಳೂರು, ಮೈಸೂರಿನ ತಾರಸಿಗಳ ಮೇಲೆ ಸಾಲಾಗಿ ನಿಂತ ಸೋಲಾರ್ ಟ್ಯಾಂಕುಗಳ ಒಳಗೂ ಮೋಡದ ದಿನಗಳಿಗೆಂದು ವಿದ್ಯುತ್ ಕಾಯಿಲ್ ಇಟ್ಟಿರುವುದುಂಟು ಎಂಬುದನ್ನು ಅನೇಕರು ಮರೆತಿರುತ್ತಾರೆ. ಅದರ ತಂತಿ ವರ್ಷಗಟ್ಟಲೆ ಬಿಸಿಲಲ್ಲಿ ಒಣಗಿ ಮಳೆಯಲ್ಲಿ ನೆನೆಯುತ್ತದೆ, ಅದನ್ನು ಹಾಕುವುದೂ ಜುಲೈನ ಜಡಿಮಳೆಯಲ್ಲೇ. ಗೀಸರಿಗೆ ಹೇಳಿದ ಎಲ್ಲವೂ, ಆರ್‌ಸಿಸಿಬಿಯೂ ಸೇರಿ, ಅದಕ್ಕೂ ಬೇಕು. ವಿದ್ಯುತ್ತಿನ ಸಹವಾಸವೇ ಬೇಡವೆಂದು ಗ್ಯಾಸ್ ಗೀಸರಿಗೆ ಹೋಗುವವರು ಅದನ್ನು ಕಿಟಕಿ ಮುಚ್ಚಿದ ಬಚ್ಚಲಿನ ಒಳಗೆ ಇಡಬಾರದು. ಗಾಳಿ ಸಾಲದೆ ಉರಿದ ಗ್ಯಾಸಿನಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. 1868ರಲ್ಲಿ ಲಂಡನ್ನಿನ ಬೆಂಜಮಿನ್ ಮಾಘನ್ ಮಾಡಿದ ಮೊದಲ ಗ್ಯಾಸ್ ಗೀಸರಿಗೆ ಹೊಗೆ ಹೊರಹೋಗುವ ಕೊಳವೆಯೇ ಇರಲಿಲ್ಲ. ಒಂದೂವರೆ ಶತಮಾನ ಕಳೆದರೂ ನಮ್ಮ ಊರುಗಳಿಂದ ಅದೇ ತಪ್ಪಿನ ಸುದ್ದಿ ಬರುತ್ತಿದೆ.

ಬಚ್ಚಲಿನಲ್ಲಿ ಯಾರಾದರೂ ವಿದ್ಯುತ್ ತಗುಲಿ ಬಿದ್ದರೆ ಮೊದಲು ಓಡಬೇಕಾದದ್ದು ಮೇನ್ ಸ್ವಿಚ್ಚಿಗೆ, ಅವರ ಬಳಿಗಲ್ಲ. ಹಿಡಿದೆಳೆಯಲು ಹೋದ ಎರಡನೆಯವರು, ಅವರನ್ನು ಬಿಡಿಸಲು ಹೋದ ಮೂರನೆಯವರು ಒಟ್ಟಿಗೆ ಸತ್ತ ಉದಾಹರಣೆಗಳಿವೆ. ಆದ್ದರಿಂದ ಮೇನ್ ಸ್ವಿಚ್ ಎಲ್ಲಿದೆ ಎಂಬುದು ಮನೆಯ ಹತ್ತು ವರ್ಷದ ಮಗುವಿಗೂ, ಅಡುಗೆಗೆ ಬರುವವರಿಗೂ ಗೊತ್ತಿರಬೇಕು, ಅದರ ಮುಂದೆ ಬೀರು ಇಟ್ಟಿರಬಾರದು. ಬಚ್ಚಲಿನ ಚಿಲಕ ಹೊರಗಿನಿಂದ ತೆಗೆಯುವಂತಿರಬೇಕು. ವಿದ್ಯುತ್ ಕಡಿದ ಮೇಲೆ ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ ನೂರಕ್ಕೆ ಕಡಿಮೆಯಿಲ್ಲದಂತೆ ಒತ್ತುತ್ತಲೇ ಇರಬೇಕು, ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಎದ್ದು ಕುಳಿತು ಮಾತಾಡಿದರೂ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿ. ಹೃದಯದ ಲಯ ತಪ್ಪಿದ್ದು ಮೇಲೆ ಕಾಣುವುದಿಲ್ಲ.

ಬಾಡಿಗೆಗೆ ಮನೆ ನೋಡುವವರಿಗೆ ಕೊನೆಯದಾಗಿ ಒಂದು ಮಾತು. ನೀರು ಎಷ್ಟು ಹೊತ್ತು ಬರುತ್ತದೆ, ಪಾರ್ಕಿಂಗ್ ಇದೆಯೇ ಎಂದು ಕೇಳುವ ಜತೆಗೆ ಮೀಟರ್ ಬೋರ್ಡನ್ನು ತೆರೆಸಿ ನೋಡಿ. ‘ಟಿ’ ಗುಂಡಿಯ ಸ್ವಿಚ್ಚು ಇದೆಯೇ, 30 ಎಂದು ಬರೆದಿದೆಯೇ, ಒತ್ತಿದರೆ ಬೀಳುತ್ತದೆಯೇ ನೋಡಿ. ಇಲ್ಲದಿದ್ದರೆ ಮುಂಗಡ ಕೊಡುವ ಮುನ್ನ ಹಾಕಿಸಿಕೊಡಲು ಮಾಲೀಕರನ್ನು ಕೇಳಿ. ಮಾಲೀಕರು ಒಪ್ಪದಿದ್ದರೆ ನಿಮ್ಮ ಖರ್ಚಿನಲ್ಲೇ ಗೀಸರಿನ ಸರ್ಕ್ಯೂಟಿಗೆ ಒಂದನ್ನು ಹಾಕಿಸಿಕೊಳ್ಳಿ. ಮನೆ ಬಿಡುವಾಗ ಗೀಸರನ್ನು ಬೇಕಾದರೆ ಬಿಚ್ಚಿಕೊಂಡು ಹೋಗಿ, ಆ ಸ್ವಿಚ್ಚನ್ನು ಮುಂದೆ ಬರುವವರಿಗೆ ಅಲ್ಲೇ ಬಿಡಿ.